ಕೂಲಿಂಗ್ ಮಾಮನ ಅಂಗೈ

“ಅಮ್ಮಾ, ಆ ಮಾಮ ಯಾಕೆ ಕಾರಿಗೆ ಮುತ್ತು ಕೊಡ್ತಿದ್ದಾರೆ?”

ಐದು ವರ್ಷದ ಮಗಳು ಇವತ್ತು ಶೆಡ್ಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೀಗೆ ಕೇಳಿಬಿಟ್ಟಳು. ನನಗೂ ಉತ್ತರ ಗೊತ್ತಿರಲಿಲ್ಲ. ಬಾನೆಟ್ ಎತ್ತಿದ ನಮ್ಮ ಕಾರಿನೊಳಗೆ ತಲೆ ತೂರಿಸಿ, ಕಣ್ಣು ಮುಚ್ಚಿ, ಅಲ್ಯೂಮಿನಿಯಂ ಪೈಪೊಂದಕ್ಕೆ ಕೆನ್ನೆ ಒತ್ತಿಕೊಂಡು ನಿಂತಿದ್ದವರು ಕೂಲಿಂಗ್ ಮಾಮ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಮೂವತ್ತೆರಡು ವರ್ಷದಿಂದ ಹಳೇ ಕಾರುಗಳ ಎಸಿ ರಿಪೇರಿ ಬಿಟ್ಟು ಬೇರೆ ಕೆಲಸಕ್ಕೆ ಅವರು ಹೋದವರಲ್ಲ.

ನಮ್ಮ ಕಾರು ಮಾವನವರ ಕಾಲದ್ದು, ಹದಿನಾಲ್ಕು ವರ್ಷ ಹಳೆಯದು. ಓಡುವಾಗ ತಣ್ಣಗೆ ಬರುವ ಗಾಳಿ, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಯಾರೋ ಮುಖದ ಮೇಲೆ ಉಸಿರು ಬಿಟ್ಟ ಹಾಗೆ ಬೆಚ್ಚಗಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ಬೆವರಿ ತೊಯ್ದುಹೋಗುತ್ತಿದ್ದಳು. ಬೆಳಿಗ್ಗೆ ಹೋದವಳೇ, “ಗ್ಯಾಸ್ ತುಂಬಿಸಿಬಿಡಿ ಮಾಮ,” ಎಂದೆ.

“ಜ್ವರ ಅಂದ ತಕ್ಷಣ ಇಂಜೆಕ್ಷನ್ ಕೇಳಿದ ಹಾಗಾಯ್ತಲ್ಲಮ್ಮ. ಜ್ವರ ಯಾಕೆ ಬಂತು ಅಂತ ಮೊದಲು ನೋಡೋಣ.”

ಮುಂದಿನ ಸೀಟಿನ ಎದುರಿನ ಡಬ್ಬ ಬಿಚ್ಚಿ, ಅದರ ಹಿಂದಿನ ಫಿಲ್ಟರ್ ಎಳೆದರು. ಬೂದಿಬಣ್ಣದ ಧೂಳು, ಒಣಗಿದ ಎಲೆ, ಮಗಳು ಎಂದೋ ತುರುಕಿದ ಬಿಸ್ಕೆಟ್ ಕಾಗದ. “ಪಾಪ, ಇದಕ್ಕೆ ಮೂಗು ಕಟ್ಟಿತ್ತು,” ಎಂದು ಹೊಸದು ಹಾಕಿದರು. ಆಮೇಲೆ ಮುಂದಿನ ಜಾಲರಿ ತೆಗೆದು, ಅದರ ಹಿಂದೆ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ ಮೆತ್ತಿಕೊಂಡಿದ್ದ ಕೆಸರು, ಹುಳುಗಳನ್ನು ಸಣ್ಣಗೆ ನೀರು ಬಿಟ್ಟು ತೊಳೆದರು. ಕೊನೆಗೆ ಅದರ ಫ್ಯಾನು.

“ಕಾರು ಓಡುವಾಗ ಗಾಳಿ ತಾನಾಗಿ ಬಂದು ಬಡಿಯುತ್ತೆ. ನಿಂತಾಗ ಈ ಫ್ಯಾನೇ ಗತಿ. ಇದು ನೋಡಿ, ಮದುವೆ ಮನೆಗೆ ಬಂದ ದೂರದ ನೆಂಟನ ಹಾಗೆ ಸುಮ್ಮನೆ ತಿರುಗಾಡ್ತಿದೆ. ಕೆಲಸ ಮಾತ್ರ ಏನೂ ಇಲ್ಲ.”

ಫ್ಯಾನಿನ ಮೋಟಾರ್ ಬದಲಾಯಿಸಲು ಎರಡು ಗಂಟೆ ಹಿಡಿಯಿತು. ಮಗಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯುತ್ತಿದ್ದಳು, ನಾನು ಬೆಂಚಿನ ಮೇಲೆ ಡೈರಿ ಬರೆಯುತ್ತಿದ್ದೆ. ಕೊನೆಯಲ್ಲಿ ಮಾಮ ಗ್ಯಾಸಿನ ಮೀಟರ್ ಜೋಡಿಸಿ ನೋಡಿದರು. ಇಂಜಿನ್ ಆರಿಸಿದರು. ಕೆನ್ನೆ ಒತ್ತಿದರು. ಪ್ರಶ್ನೆ ಬಂದಿದ್ದು ಆಗಲೇ.

ಅವರು ನಕ್ಕರು. “ಮುತ್ತಲ್ಲ ಪುಟ್ಟಿ. ತಣ್ಣಗಿದೀಯಾ ಅಂತ ಕೇಳ್ತಿದ್ದೀನಿ.”

“ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಲ್ಲ.”

“ನನ್ನ ಕೈಗೆ ಗೊತ್ತಾಗಲ್ಲಮ್ಮ.”

ನನಗೆ ಆಶ್ಚರ್ಯವಾಯಿತು. ಎರಡು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ಅವರನ್ನು ನೋಡಿದ್ದೆ. ಒಂದು ಅಂಗೈ ದಪ್ಪ ಪೈಪಿನ ಮೇಲೆ, ಇನ್ನೊಂದು ಸಣ್ಣ ಪೈಪಿನ ಮೇಲೆ. ಒಂದು ತಣ್ಣಗೆ, ಒಂದು ಬಿಸಿ. ಅಷ್ಟರಲ್ಲೇ ಗ್ಯಾಸ್ ಎಷ್ಟಿದೆ, ಎಲ್ಲಿ ಕಟ್ಟಿಕೊಂಡಿದೆ ಎಂದು ಹೇಳಿಬಿಡುತ್ತಿದ್ದರು. ಮೀಟರ್ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಬೇರೆ ಮೆಕ್ಯಾನಿಕ್‌ಗಳು ತಮ್ಮ ಕೈಲಾಗದ ಕಾರನ್ನು ಇವರ ಅಂಗೈಗೆ ತೋರಿಸಲು ತರುತ್ತಿದ್ದರು.

“ಏನಾಯ್ತು ಮಾಮ?”

ಅವರು ಬೆಂಚಿನ ಇನ್ನೊಂದು ತುದಿಗೆ ಕೂತರು. ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹೋದ ವರ್ಷ ಅವರು ಮಾಡಿಕೊಟ್ಟ ಕಾರುಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ತಂಪಿಲ್ಲ ಎಂಬ ದೂರು. ನೋಡಿದರೆ ಗ್ಯಾಸ್ ಹೆಚ್ಚಾಗಿದೆ. ಹೆಚ್ಚಾದರೂ ತಂಪು ಬರುವುದಿಲ್ಲ. ಪೈಪು ಇನ್ನೂ ತಣ್ಣಗಾಗಿಲ್ಲ ಎಂದು ಅಂಗೈ ಹೇಳಿದಾಗಲೆಲ್ಲ ಮಾಮ ಇನ್ನಷ್ಟು ತುಂಬಿದ್ದರು. ಮೂವತ್ತು ವರ್ಷ ನಂಬಿದ ಕೈಯ ಮೇಲೆ ಅನುಮಾನ ಬರುವುದು ಹೇಗೆ. ಸಿಲಿಂಡರ್ ಸರಿಯಿಲ್ಲ ಎಂದು ಗ್ಯಾಸ್ ಅಂಗಡಿಯವನ ಜೊತೆ ಜಗಳ ಕಾದು, ಅಂಗಡಿಯನ್ನೇ ಬದಲಾಯಿಸಿದರು. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇತ್ತು. ಅದು ಬೆರಳ ತುದಿಯವರೆಗೆ ಬಂದು ಕೂತಿದೆ ಎಂದು ಹೊಳೆಯಲಿಲ್ಲ.

ಅದೇ ದಿನಗಳಲ್ಲಿ ಹೆಂಡತಿಗೆ ಹೃದಯದ ತೊಂದರೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ್ದು ಒಂದೇ ಮಾತು: ಪಾದ ತಣ್ಣಗಾದರೆ ತಡ ಮಾಡದೆ ಕರೆತನ್ನಿ. ಒಬ್ಬಳೇ ಮಗಳು, ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ಟೀಚರ್. ದಿನಕ್ಕೆ ಮೂರು ಸಲ ಫೋನ್ ಮಾಡಿ ಕೇಳುತ್ತಿದ್ದಳು: “ಅಪ್ಪ, ಅಮ್ಮನ ಕಾಲು ಮುಟ್ಟಿ ನೋಡಿದ್ರಾ?”

“ಆ ಮಂಗಳವಾರ ಬೆಳಿಗ್ಗೇನೂ ಕೇಳಿದ್ಲು. ಫೋನ್ ಕೆಳಗಿಟ್ಟು, ಎರಡೂ ಪಾದ ಎರಡು ಕೈಲಿ ಹಿಡಿದು ನೋಡಿದೆ. ಏನೂ ಅನ್ನಿಸಲಿಲ್ಲ. ಎಲ್ಲಾ ಸರಿ ಇದೆ ಮಗಳೇ, ನಿದ್ದೆ ಮಾಡ್ತಿದ್ದಾಳೆ ಅಂದೆ.”

ಮಧ್ಯಾಹ್ನ ನೋಡಲು ಬಂದ ಪಕ್ಕದ ಮನೆಯಾಕೆ ಹೊದಿಕೆ ಸರಿಮಾಡುವಾಗ ಕಾಲು ತಗುಲಿ, “ಅಯ್ಯೋ ಅಣ್ಣ, ಇದೇನು ಹಿಮದ ಹಾಗಿದೆ,” ಎಂದಳು. ಆಸ್ಪತ್ರೆಯಲ್ಲಿ, ಬೆಳಿಗ್ಗೆಯೇ ತರಬೇಕಿತ್ತು ಎಂದರು. ಸಂಜೆಗೆಲ್ಲ ಮುಗಿಯಿತು.

ನೆಂಟರೆಲ್ಲ ಹೋದ ಮೇಲೆ ಮಗಳು ಅಪ್ಪನ ಎದುರು ನಿಂತು, “ನೀವು ಮುಟ್ಟೇ ಇಲ್ಲ. ಶೆಡ್ಡಿಗೆ ಹೋಗೋ ಗಡಿಬಿಡೀಲಿ ಬಾಯಿಗೆ ಬಂದದ್ದು ಹೇಳಿದ್ರಿ,” ಎಂದಳು. ಮೂರು ವಾರ ಕಳೆದು ಮಾಮ ಕೆಲಸ ಮಾಡುವಾಗ ಏನೋ ಸುಟ್ಟ ವಾಸನೆ ಬಂತಂತೆ. ವೈರು ಸುಟ್ಟಿತೇನೋ ಎಂದು ಕಾರೆಲ್ಲ ಹುಡುಕಿದರು. ಸುಟ್ಟಿದ್ದು, ಬಿಸಿ ಪೈಪಿನ ಮೇಲೆ ಇಟ್ಟಿದ್ದ ಅವರದೇ ಅಂಗೈ.

“ಆಗ ಗೊತ್ತಾಯ್ತಮ್ಮ. ಅವಳ ಪಾದ ನನಗೆ ಯಾಕೆ ತಣ್ಣಗೆ ಅನ್ನಿಸಲಿಲ್ಲ ಅಂತ.”

“ಮಗಳಿಗೆ ಹೇಳಬಾರದಿತ್ತಾ ಮಾಮ?”

“ಫೋನ್ ಎತ್ತಿದ್ರೆ ತಾನೇ. ಒಂದು ಸಲ ಹೋಗಿದ್ದೆ. ಬಾಗಿಲಲ್ಲೇ ನಿಂತು, ಇವತ್ತು ಶೆಡ್ಡಲ್ಲಿ ಕೆಲಸ ಇಲ್ವಾ ಅಪ್ಪ, ಅಂದ್ಲು. ಹಾಗೇ ಬಂದ ಬಸ್ಸಿಗೆ ವಾಪಸ್ ಬಂದೆ.” ಅದಾಗಿ ಹತ್ತು ತಿಂಗಳಾಯಿತಂತೆ.

ನಾನು ಅವರ ಕೈ ತೆಗೆದುಕೊಂಡು ಪೆನ್ನಿನ ಕ್ಯಾಪಿನಿಂದ ತೋರುಬೆರಳಿನ ತುದಿ ಒತ್ತಿದೆ. ಅವರು ನನ್ನ ಮಗಳ ಸೀಮೆಸುಣ್ಣದ ಮನೆಯನ್ನೇ ನೋಡುತ್ತಿದ್ದರು. “ಒತ್ತಿದ್ರಾ?” ಎಂದರು. ನಾನು ಆಗಲೇ ಮೂರು ಸಲ ಒತ್ತಿದ್ದೆ. ಡಾಕ್ಟರಿಗೆ ತೋರಿಸಿದ್ದೀರಾ ಎಂದರೆ, ಮಾತ್ರೆ ಕೊಟ್ಟಿದ್ದಾರೆ, ಹೋಗಿದ್ದು ಬರಲ್ಲ ಅಂದಿದ್ದಾರೆ ಎಂದರು. ನನ್ನ ಮಗಳ ಮೈ ಕಾದಾಗ ನಾನೂ ಥರ್ಮಾಮೀಟರ್ ಹುಡುಕುವ ಮೊದಲು ಹಣೆಗೆ ಕೈ ಇಡುವವಳೇ. ಕೈ ಹೇಳಿದ್ದನ್ನು ನಂಬುವವಳೇ.

ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಟ್ಟೆವು. ಗಾಳಿ ಕೊನೆವರೆಗೂ ತಣ್ಣಗೇ ಬಂತು. ಮಗಳನ್ನು ಸೀಟಿಗೆ ಕೂರಿಸಿ ಬೆಲ್ಟ್ ಹಾಕಿ ತಿರುಗಿದರೆ, ಮಾಮ ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತಿದ್ದರು. ಕೈ ಆಗಲೇ ಒಣಗಿತ್ತು, ಆದರೂ ಒರೆಸುತ್ತಿದ್ದರು.

“ನೀವು ಬರೀತಾ ಇರ್ತೀರಲ್ಲಮ್ಮ. ನನ್ನ ಮಗಳಿಗೆ ಒಂದು ಕಾಗದ ಬರೆದುಕೊಡ್ತೀರಾ? ಪೆನ್ನು ಹಿಡಿದರೆ, ಹಿಡಿದಿದ್ದೀನೋ ಬಿಟ್ಟಿದ್ದೀನೋ ನನಗೆ ತಿಳಿಯಲ್ಲ.”

“ಬರೀತೀನಿ ಮಾಮ. ಏನಂತ ಬರೀಲಿ?”

ಅವರು ಬಟ್ಟೆ ಮಡಚಿ ಬೆಂಚಿನ ಮೇಲಿಟ್ಟರು.

“ಕೈ ವಿಷಯ ಬರೀರಿ, ಆದರೆ ನೆಪ ಹೇಳಿದ ಹಾಗೆ ಕಾಣಬಾರದು. ತಪ್ಪು ನನ್ನದೇ ಇರಲಿ. ನಾನು ಮುಟ್ಟಿದ್ದೆ ಅನ್ನೋದನ್ನ ಮಾತ್ರ ಅವಳು ನಂಬೋ ಹಾಗೆ ಬರೆದುಕೊಡಿ.”