ಹೂಜಿ ಗಿಡದ ಉಪವಾಸ

ದೆವ್ವ, ಮಾಟ, ದೃಷ್ಟಿ ಎಂದರೆ ನಾನು ಎದ್ದು ಹೋಗುವ ಜಾತಿಯವನು. ಮುಂಬಯಿ ಪಕ್ಕದ ಕಲ್ಯಾಣದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ದಿನಕ್ಕೆ ನೂರು ಬಗೆಯ ಸುಳ್ಳು ಕೇಳುವವನಿಗೆ ಇದೆಲ್ಲ ಎಲ್ಲಿ ತಾಗುತ್ತದೆ? ಹಾಗಾಗಿ ಇದನ್ನು ಹೇಳಲು ನನಗೇ ನಾಚಿಕೆ.

ತೊಂಬತ್ತರ ದಶಕದ ನಡುವೆ ನಾವು ಡೊಂಬಿವಲಿಯಲ್ಲಿದ್ದೆವು. ನೆರೆಮನೆಯ ಮರಾಠಿ ಮೇಷ್ಟ್ರು ವರ್ಗವಾಗಿ ಹೋಗುವಾಗ, "ಸಾಂಭಾಳೂನ್ ಠೇವಾ", ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಕೈಮುಗಿದು ತಮ್ಮ ಹೂಜಿ ಗಿಡವನ್ನು ನಮ್ಮ ಗ್ಯಾಲರಿಯಲ್ಲಿ ಬಿಟ್ಟರು. ಬೋರ್ನಿಯೋದ ಯಾವುದೋ ಒಂದೇ ಗುಡ್ಡದಲ್ಲಿ ಬೆಳೆಯುವ ಜಾತಿಯಂತೆ, ನೋಡಿದವರೇ ಕಡಿಮೆಯಂತೆ. ಎಲೆಗಳ ತುದಿಗೆ ಐದು ಕಂದುಗೆಂಪು ಹೂಜಿಗಳು, ಒಳಗೆ ನೀರು. ಇಣುಕಿದ ಇರುವೆ ಜಾರಿ ಬಿದ್ದರೆ ಅಲ್ಲೇ ಕರಗಿ ಗಿಡದ ಹೊಟ್ಟೆ ಸೇರುತ್ತಿತ್ತು.

"ಚಾತುರ್ಮಾಸ್ಯದಲ್ಲಿ ನಮ್ಮ ಮನೆಯಲ್ಲಿ ಜೀವಹತ್ಯೆಯಾ? ಕೃಷ್ಣ ಕೃಷ್ಣಾ!" ಎಂದು ಅಮ್ಮ ಹಳೆಯ ಪಂಚೆ ಹರಿದು ಐದೂ ಹೂಜಿಗಳ ಬಾಯಿ ಕಟ್ಟಿದಳು. ಬುಡಕ್ಕೆ ದಿನಾ ದೇವರ ತೀರ್ಥ ಹಾಕಿದಳು. "ಇನ್ನು ಇದೂ ನಮ್ಮ ಹಾಗೆ ಸಸ್ಯಾಹಾರಿ" ಎಂದಳು. ನಾನೂ ನನ್ನ ಹೆಂಡತಿಯೂ ನಕ್ಕೆವು.

ಹದಿನೈದು ದಿನದಲ್ಲಿ ಅಮ್ಮನ ಊಟ ಇಳಿಯಿತು. ಮೊದಲು ಅರ್ಧ ಬಟ್ಟಲು, ಆಮೇಲೆ ಎರಡು ತುತ್ತು, ಕೊನೆಗೆ ಮಜ್ಜಿಗೆಯೂ ಬೇಡ. "ಹಸಿವೇ ಇಲ್ಲ ಮಾರಾಯ, ನಾನೆಂತ ಮಾಡುದು?" ಠಾಣೆ ಪಟ್ಟಣದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ರೋಗವೇ ಇಲ್ಲ ಎಂದರು. ರೋಗವಿಲ್ಲದೆ ಅಮ್ಮ ಒಣಗುತ್ತಿದ್ದಳು. ಇನ್ನು ಉಳಿಯುವುದಿಲ್ಲವೆಂದು ನನಗೆ ಖಾತ್ರಿಯಾಗಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಒಂದು ಭಾನುವಾರ ಮಧ್ಯಾಹ್ನ ಗ್ಯಾಲರಿಗೆ ಹೋದೆ. ಹೂಜಿಗಳು ಸುಕ್ಕಾಗಿ ಜೋತುಬಿದ್ದಿದ್ದವು. ಕನಿಕರವಾಯಿತು, ಅಷ್ಟೇ, ಬೇರೇನೂ ಯೋಚಿಸಿರಲಿಲ್ಲ. ಒಂದರ ಬಟ್ಟೆ ಬಿಚ್ಚಿದೆ. ಗೋಡೆಯ ಮೇಲಿನ ಸಾಲಿನಿಂದ ಒಂದು ಇರುವೆ ಬಂದು ಹತ್ತಿತು, ಇಣುಕಿತು, ಬಿತ್ತು.

ಒಳಗಿನಿಂದ ಅಮ್ಮನ ದನಿ: "ಮಗಾ, ಒಂಚೂರು ಗಂಜಿ ಉಂಟಾ?"

ಮರುದಿನ ಮತ್ತೆ ಕಟ್ಟಿ ನೋಡಿದೆ. ಪಾಪಿ ನಾನು, ಹೆತ್ತವಳ ಮೇಲೆ ಪರೀಕ್ಷೆ ಮಾಡಿದೆ! ಅಮ್ಮ ಬಟ್ಟಲು ದೂಡಿದಳು. ಬಿಚ್ಚಿದೆ; ಉಂಡಳು. ಅಂದಿನಿಂದ ಐದೂ ಹೂಜಿಗಳ ಬಾಯಿ ತೆರೆದಿಟ್ಟು, ಅವಳ ಊಟಕ್ಕೆ ಮುಂಚೆ ಬುಡಕ್ಕೆ ತೀರ್ಥ ಹಾಕುವ ನೆಪದಲ್ಲಿ ಹೋಗಿ, ಬೆರಳು ಒದ್ದೆ ಮಾಡಿಕೊಂಡು ನಾನೇ ಇರುವೆ ಹಿಡಿದು ಹಾಕತೊಡಗಿದೆ, ಅವಳಿಗೆ ಗೊತ್ತಾಗದ ಹಾಗೆ.

ಅಮ್ಮ ಚೇತರಿಸಿಕೊಂಡಳು. ಕಾಕತಾಳೀಯ ಅನ್ನಿ, ನನಗೂ ಹಾಗೇ ಅನ್ನುವ ಆಸೆ. ಆದರೆ ಒಂದು ದಿನ ಊಟದ ನಡುವೆ ಅವಳು ಅಗಿಯುವುದನ್ನು ನಿಲ್ಲಿಸಿದಳು. "ಎಂತದು ಮಗಾ, ಸಾರಿಗೆ ಇರುವೆ ಬಿದ್ದಿದೆಯಾ? ಬಾಯಲ್ಲಿ ಹರಿದಾಡಿದ ಹಾಗೆ ಆಗ್ತದೆ."

ಸಾರಿನಲ್ಲಿ ಏನೂ ಇರಲಿಲ್ಲ. ನಾನು ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಂಡೆ. ಅಮ್ಮ ನನ್ನ ಬೆರಳನ್ನು ನೋಡಿದಳು, ಗ್ಯಾಲರಿಯ ಕಡೆ ನೋಡಿದಳು. ಆಮೇಲೆ ನುಂಗಿ, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡಳು.