ಶೇಷಮ್ಮತ್ತೆಯ ಕ್ರಿಸ್ಮಸ್ ಗುಂಡುಗಳು

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ರದ್ದಿ ಕಾಗದಕ್ಕೆ ಶುಕ್ರದೆಸೆ. ವರ್ಷವಿಡೀ ಒಲೆ ಹೊತ್ತಿಸುವುದಕ್ಕೂ ಕಡಲೆಕಾಯಿ ಕಟ್ಟುವುದಕ್ಕೂ ಹುಟ್ಟಿದಂತೆ ಮೂಲೆಯಲ್ಲಿ ಬಿದ್ದಿರುವ ಆ ಪದಾರ್ಥಕ್ಕೆ ಆ ಒಂದು ತಿಂಗಳು ಎಲ್ಲಿಲ್ಲದ ಮರ್ಯಾದೆ. ಇದರ ಕಥೆ ಹೇಳಿದರೆ ನನ್ನ ಮಾನ ಸ್ವಲ್ಪ ಹರಾಜಾಗುತ್ತದೆ. ಆದರೂ ಹೇಳುತ್ತೇನೆ, ಓದುಗ ಮಹಾಶಯರೇ. ಪ್ರಬಂಧ ಬರೆಯುವವನಿಗೆ ಮಾನಹಾನಿಗಿಂತ ವಿಷಯದಾರಿದ್ರ್ಯವೇ ದೊಡ್ಡ ಸಂಕಟವಲ್ಲವೆ?

ನಾವು ರಾಜಾಜಿನಗರಕ್ಕೆ ಬಂದಾಗ ಅಲ್ಲಿ ನಗರಕ್ಕಿಂತ ಕೆಮ್ಮಣ್ಣೇ ಹೆಚ್ಚಾಗಿತ್ತು. ಹಗಲೆಲ್ಲ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುತ್ತಿದ್ದ ನಾನು ಸಂಜೆಯಾದೊಡನೆ ಸ್ತ್ರೀಸಮಾಜೋದ್ಧಾರಕನಾಗಿ ರೂಪಾಂತರ ಹೊಂದಿ, ವಾಚನಾಲಯದ ಬೆಂಚುಗಳ ಮುಂದೆ ವಿಧವೆಯರ ದುರವಸ್ಥೆಯನ್ನು ಕುರಿತು ಅಶ್ರುಪೂರಿತ ಉಪನ್ಯಾಸ ಮಾಡುತ್ತಿದ್ದೆ. ಮನೆಯಲ್ಲಿ ನನ್ನ ಸೋದರತ್ತೆ ಶೇಷಮ್ಮನವರಿದ್ದರು. ಹರೆಯದಲ್ಲಿ ಸುತ್ತಲ ಹಳ್ಳಿಗಳ ಮದುಮಕ್ಕಳ ಹಣೆಗೆಲ್ಲ ಬೆಂಡು ಕೊಯ್ದು, ಬೇಗಡೆ ಅಂಟಿಸಿ ಬಾಸಿಂಗ ಮಾಡಿಕೊಡುತ್ತಿದ್ದವರು. ಇಪ್ಪತ್ತಾರಕ್ಕೆ ಗಂಡ ಹೋದರು. ವಿಧವೆಯ ಕೆಂಪು ಸೀರೆ ಬಂತು. ಅಂದಿನಿಂದ ಆ ಕೈ ಅಮಂಗಳವೆನಿಸಿತು. ಅದೇ ಕೈ ಮಾಡಿದ ಹುಳಿಯನ್ನು ಮಾತ್ರ ಯಾರೂ ಅಮಂಗಳವೆಂದು ತಳ್ಳಲಿಲ್ಲ, ಎರಡೆರಡು ಸಲ ಹಾಕಿಸಿಕೊಂಡರು.

ನನ್ನ ಮಗಳು ಕಮಲಳ ಮದುವೆ ಮಾಘಕ್ಕೆ ಗೊತ್ತಾದಾಗ ಅತ್ತೆ ಮೆಲ್ಲಗೆ ಬಂದು, “ಕೂಸಿನ ಬಾಸಿಂಗ ನಾನು ಮಾಡಲೇನೋ?” ಎಂದರು.

“ಬೇಡಿ ಅತ್ತೆ. ಬೀಗರು ಏನಂದ್ಕೋತಾರೋ ಏನೋ!” ಎಂದು ಹೇಳಿ, ಹೊತ್ತಾಯಿತೆಂದು ಉಪನ್ಯಾಸಕ್ಕೆ ಓಡಿದೆ. ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸಲು ಕುಳಿತರು.

ಆ ಡಿಸೆಂಬರಿನಲ್ಲೇ ಪಕ್ಕದ ಮನೆಗೆ ರೋಸಮ್ಮ ಬಂದದ್ದು. ಗಂಡ ಅಂತೋಣಿ ಕಾರ್ಖಾನೆಯಲ್ಲಿ ಲೇತ್ ಕೆಲಸದವನು. ದಂಡಿನಿಂದ, ಅಂದರೆ ಕಂಟೋನ್ಮೆಂಟಿನಿಂದ, ಜಟಕಾದಲ್ಲಿ ಸಾಮಾನು ತರುವಾಗ, ಅವಳ ಅಜ್ಜಿಯ ಕಾಲದ ಗಾಜಿನ ಗುಂಡುಗಳು, ಕ್ರಿಸ್ಮಸ್ ಮರಕ್ಕೆ ತೂಗುಹಾಕುವಂಥವು, ನಮ್ಮ ರಸ್ತೆಯ ಕುಲುಕಾಟಕ್ಕೆ ಒಂದೂ ಉಳಿಯದೆ ಚೂರಾಗಿದ್ದವು. ಬೇಲಿಯ ಬಳಿ ನಿಂತು ಅವಳು ಅಳುತ್ತಿದ್ದರೆ ಅತ್ತೆ ಆ ಚೂರುಗಳನ್ನು ಮೊರದಲ್ಲಿ ಹರಡಿಕೊಂಡು, ಬಾಗು ಎಷ್ಟು, ಬಣ್ಣ ಯಾವುದು ಎಂದು ಪರೀಕ್ಷಿಸುತ್ತಿದ್ದರು. ಸಂಜೆ ನನ್ನನ್ನು ಕೇಳಿದರು: “ಅವರ ಹಬ್ಬಕ್ಕೆ ನಾನು ಮಾಡಿಕೊಟ್ರೆ ದೋಷ ಉಂಟೇನೋ?”

ನನಗೆ ತಿಳಿದಷ್ಟು ಧರ್ಮಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ಮನುವಾಗಲಿ ಯಾಜ್ಞವಲ್ಕ್ಯರಾಗಲಿ ಕ್ರಿಸ್ಮಸ್ ಮರದ ವಿಷಯದಲ್ಲಿ ಸಂಪೂರ್ಣ ಮೌನ ತಾಳಿದ್ದರು. “ಇಲ್ಲ” ಎಂದೆ.

ಅಷ್ಟೇ ಸಾಕಾಯಿತು. ಮರುದಿನದಿಂದ ಮನೆಯೆಲ್ಲ ಮೆಂತ್ಯದ ವಾಸನೆ. ಕಾಗದವನ್ನೂ ಮೆಂತ್ಯವನ್ನೂ ನೆನೆಹಾಕಿ, ರುಬ್ಬಿ, ಆ ಮುದ್ದೆಯನ್ನು ಬೇಲದಕಾಯಿಯ ಮೇಲೆ ತೆಳ್ಳಗೆ ಬಳಿದು ಒಣಗಿಸುವುದು. ಒಣಗಿದ ಚಿಪ್ಪನ್ನು ಎರಡು ಹೋಳಾಗಿ ಬಿಡಿಸಿ ಮತ್ತೆ ಕೂಡಿಸುವುದು. ಮೇಲೆ ಬೇಗಡೆ, ನಡುವಿಗೆ ಹಳೆಯ ಸೀರೆಯ ಜರಿ. ಅಜ್ಜಿಯ ಕಾಲದ ಗುಂಡುಗಳೇ ಮರಳಿ ಬಂದವೆಂದು ರೋಸಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡಳು. ಅದೇ ದಿನ ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ, ಏಕೆಂದರೆ ‘ವಿಧವೆಯರೂ ನಮ್ಮ ಕರ್ತವ್ಯವೂ’ ಎಂಬ ನನ್ನ ಇಪ್ಪತ್ತನಾಲ್ಕು ಪುಟಗಳ ಭಾಷಣ ಕಾಣೆಯಾಗಿತ್ತು.

“ಮೂಲೇಲಿ ಬಿದ್ದಿತ್ತಲ್ಲೋ, ರದ್ದಿ ಅಂದ್ಕೊಂಡೆ” ಎಂದರು ಅತ್ತೆ, ಒರಳಿನಿಂದ ತಲೆಯೆತ್ತದೆ. ನನ್ನ ಭಾಷಣದಿಂದ ಒಬ್ಬ ವಿಧವೆಗೆ ಉಪಕಾರವಾದದ್ದು ಅದೇ ಮೊದಲು.

ಹಬ್ಬದ ಹಿಂದಿನ ಸಂಜೆ ಅಂತೋಣಿ ಸೌದೆ ಡಿಪೋದಿಂದ ಸರ್ವೆಕೊಂಬೆ ತಂದು ಡಬ್ಬದಲ್ಲಿ ನಿಲ್ಲಿಸಿದ್ದ. ರೋಸಮ್ಮ ನಮ್ಮನ್ನು ಕರೆದಳು. “ಮೊದಲನೇದು ನೀವೇ ಕಟ್ಬೇಕು, ಅಮ್ಮಾ.”

ಅತ್ತೆ ಹಿಂದೆ ಸರಿದರು. “ನನ್ನ ಕೈ ಆಗಿಬರಲ್ಲ ಕಣಮ್ಮ.”

“ಮಾಡೋಕೆ ಆಗಿಬಂದ ಕೈ ಕಟ್ಟೋಕೆ ಆಗಿಬರಲ್ವಾ?” ಎಂದು ರೋಸಮ್ಮ ನಿಜವಾಗಿಯೂ ಅರ್ಥವಾಗದೆ ಕೇಳಿದಳು. ಅತ್ತೆ ಸೆರಗಿಗೆ ಕೈಯೊರಸಿಕೊಂಡು ಕಟ್ಟಿದರು. ಆಮೇಲೆ ಬಂದವರಿಗೆಲ್ಲ ರೋಸಮ್ಮನದು ಒಂದೇ ಪಾಠ: “ಪಕ್ಕದ್ಮನೆ ಶೇಷಮ್ಮನೋರು ಮಾಡಿದ್ದು, ನೋಡಿ!” ಮೂವತ್ತು ವರ್ಷಗಳಲ್ಲಿ ಅತ್ತೆಯ ಹೆಸರನ್ನು ಯಾರೂ ಹಾಗೆ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಮನೆಗೆ ಬಂದವನೇ, “ಅತ್ತೆ, ಬಾಸಿಂಗ ನೀವೇ ಮಾಡಿ” ಎಂದೆ.

“ಯಾರು ಮಾಡಿದ್ದು ಅಂತ ಬೀಗರು ಕೇಳಿದ್ರೆ?”

“ಚಿಕ್ಕಪೇಟೆ ಅಂಗಡೀದು ಅಂದ್ರಾಯ್ತು” ಎಂದು ನನ್ನ ಚಾಣಾಕ್ಷತೆಗೆ ನಾನೇ ತಲೆದೂಗಿದೆ.

“ಹಂಗಾದ್ರೆ ಅಂಗಡೀಲೇ ತಗೊಳ್ಳೋ. ಪಾಪ ರೋಸಮ್ಮ ನನ್ನ ಹೆಸರು ಹೇಳಿದ್ಲು, ನಿಂಗೆ ಬಾಯಿ ಬರಲ್ಲ” ಎಂದು ಅತ್ತೆ ಒಳಗೆ ಹೋದರು. ಮೂರು ದಿನ ನನ್ನೊಡನೆ ಮಾತಿಲ್ಲ. ಹುಳಿಗೆ ಉಪ್ಪೂ ಇಲ್ಲ. ನಾಲ್ಕನೆಯ ದಿನ ಹೆಸರು ಹೇಳುತ್ತೇನೆಂದು ದೇವರ ಮುಂದೆ ಮಾತು ಕೊಟ್ಟೆ. ಅಂದೇ ಅತ್ತೆ ಬಾಸಿಂಗಕ್ಕೆ ಬೆಂಡು ಕೊಯ್ಯಲು ಕುಳಿತರು.

ಮದುವೆಯ ದಿನ ಆ ಪ್ರಶ್ನೆ ಬಂದೇ ಬಂತು. ಕೇಳಿದವರು ವರನ ಅಜ್ಜಿ. ಛತ್ರದ ಉಗ್ರಾಣದ ಬಾಗಿಲಲ್ಲಿ, ಮಂಟಪ ಕಾಣದ ಕಡೆ ಅವರನ್ನು ಕೂರಿಸಿದ್ದರು. ನಾನು ತಟ್ಟೆ ಹಿಡಿದು ಹಾಯುವಾಗ ತಡೆದು, ಬಾಸಿಂಗವನ್ನು ಕೈಗೆತ್ತಿಕೊಂಡು, “ಇದು ಅಂಗಡೀದಲ್ಲ. ಯಾರಪ್ಪ ಮಾಡಿದ್ದು?” ಎಂದರು.

ವಾಚನಾಲಯದಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು ಅಲ್ಲಿ ನಾಲ್ಕೇ ಮಾತಿನಲ್ಲಿ ಮುಗಿಸಿದೆ. “ನಮ್ಮ ಸೋದರತ್ತೆ, ಶೇಷಮ್ಮ ಅಂತ.”

“ಮುತ್ತೈದೆಯೇ?”

“ಅಲ್ಲ, ಅಮ್ಮ” ಎಂದೆ. ಮುಂದಿನದು ತಾನಾಗಿ ಬಂತು: “ನಿಮ್ಮ ಹಾಗೇ.”

ಆಕೆ ಕೆಂಪು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಬಾಸಿಂಗವನ್ನು ತಿರುಗಿಸಿ ಹಿಂಬದಿಯ ಹೊಲಿಗೆಯ ಮೇಲೆ ಬೆರಳಾಡಿಸಿದರು. “ಬೆಂಡು ಕೊಯ್ಯೋದು ನಂಗೂ ಬರ್ತಿತ್ತು ಕಣಪ್ಪ” ಎಂದು, ಪಕ್ಕಕ್ಕೆ ಸರಿದು ಜಾಗ ಮಾಡಿ, “ಎಲ್ಲಿದಾರೆ ಅವರು? ಕರಿ” ಎಂದರು.

ಅತ್ತೆ ಬಂದರು. ಇಬ್ಬರೂ ಅಕ್ಕಿಮೂಟೆಗೆ ಒರಗಿ, ಬಾಸಿಂಗವನ್ನು ತೊಡೆಯ ಮೇಲಿಟ್ಟುಕೊಂಡು ಎಂಥ ಮಾತಿಗಿಳಿದರೆಂದರೆ, ಪುರೋಹಿತರು ಎರಡು ಸಲ ಕೂಗಿದರೂ ಏಳಲಿಲ್ಲ. ಮುಹೂರ್ತ ಮೀರುತ್ತದೆ, ದಯವಿಟ್ಟು ಕೊಡಿ ಎಂದು ಕೊನೆಗೆ ನಾನೇ ಆ ಇಬ್ಬರ ಮುಂದೆ ಕೈಯೊಡ್ಡಿ ನಿಲ್ಲಬೇಕಾಯಿತು.