ಸರಿಸಿ ನೋಡಿದ ಮಸುಕು

…ಅಥವಾ ಅದು ಅಂಕೋಲೆಯ ಬೊಬ್ರುವಾಡದ ಮನೆಯಲ್ಲಿ ನಡೆದದ್ದೇ ಅಲ್ಲವೇನೋ. ನೆನಪಿನಲ್ಲಿ ಕಿಟಕಿಯಾಚೆ ಕಾಳಿ ನದಿಯ ಅಳಿವೆ ಕಾಣುತ್ತದೆ. ಹಾಗಾದರೆ ನಾನು ಸದಾಶಿವಗಡದ ಬಾಡಿಗೆ ಕೋಣೆಯಲ್ಲಿದ್ದಿರಬೇಕು. ಆದರೆ ಅದೇ ನೆನಪಿನಲ್ಲಿ ಮೀನಿನವಳು ಅಂಗಳದಿಂದ ಕೂಗುತ್ತಾಳೆ, ಮತ್ತು ಅವಳು ಬುಟ್ಟಿ ಹೊತ್ತು ತಿರುಗುವುದು ಅಂಕೋಲೆಯ ಸುತ್ತ ಮಾತ್ರ. ನದಿ ಸುಳ್ಳು, ಇಲ್ಲವೇ ಅವಳು ಸುಳ್ಳು. ಕಾರವಾರದ ಕಾಲೇಜಿನಲ್ಲಿ ಪಾಠ ಹೇಳುವ ನಾನು ಆ ವರ್ಷ ಎರಡೂ ಕಡೆ ಇರುತ್ತಿದ್ದೆ. ಎರಡೂ ಕಡೆ ಒಬ್ಬನೇ. ಯಾವುದನ್ನು ಅಳಿಸುವುದೆಂದು ತಿಳಿಯದೆ ಎರಡನ್ನೂ ಹಾಗೇ ಬಿಟ್ಟಿದ್ದೇನೆ.

ಹಗಲಾಗಿತ್ತು ಎಂಬುದು ಮಾತ್ರ ಖಚಿತ. ನಾನು ಅಂತರ್ಜಾಲದ ಮೂಲಕ ಇಲ್ಲಿಂದಲೇ ನಡೆಸುತ್ತಿದ್ದ ದೂರದರ್ಶಕ ದಕ್ಷಿಣ ಅಮೆರಿಕದ ಒಂದು ಬೋಳುಗುಡ್ಡದ ಮೇಲಿದೆ. ಅಲ್ಲಿ ರಾತ್ರಿಯಾದರೆ ಇಲ್ಲಿ ಬಿಸಿಲು. ಪರದೆಯ ಮೇಲೆ ಬೆಳಕು ಬೀಳದಿರಲೆಂದು ಕಿಟಕಿಗೆ ಹಳೆಯ ಪಂಚೆ ಕಟ್ಟಿದ್ದೆ. (ಪಂಚೆ ಕಟ್ಟಿದ ಮೇಲೆ ಅಳಿವೆ ಹೇಗೆ ಕಂಡಿತು?)

ಕೆಲವು ವರ್ಷಗಳ ಹಿಂದೆ ಒಂದು ಗೆಲಾಕ್ಸಿಯ ಪಕ್ಕ, ಅದೇ ದೂರದರ್ಶಕದ ಹಳೆಯ ಚಿತ್ರವೊಂದರಲ್ಲಿ, ಒಂದು ಮಸುಕು ಕಲೆ ನನ್ನ ಕಣ್ಣಿಗೆ ಬಿದ್ದಿತ್ತು. ಗಾಜಿನ ಮೇಲೆ ಉಸಿರು ಬಿಟ್ಟಂಥದ್ದು. ಅದು ಯಾರೂ ಗುರುತಿಸದ ಪುಟ್ಟ ಗೆಲಾಕ್ಸಿ ಎಂದು ನಾನು ನಂಬಿದೆ. ನನ್ನ ಜೊತೆಗಿದ್ದ ಇಬ್ಬರು ಅದನ್ನು ಕ್ಯಾಮೆರಾದ ದೋಷ ಎಂದರು. ಮೊದಮೊದಲು ವಾದ ಮಾಡಿದರು, ಆಮೇಲೆ ನನ್ನ ಮಿಂಚಂಚೆಗಳಿಗೆ ಉತ್ತರ ಬರೆಯುವುದನ್ನು ನಿಲ್ಲಿಸಿದರು. ವಾದವೇ ವಾಸಿಯಿತ್ತು.

ಪರೀಕ್ಷೆ ಸರಳ. ದೂರದರ್ಶಕವನ್ನು ಒಂದೇ ಕಡೆ ನೆಟ್ಟಿಡುವುದಿಲ್ಲ. ಒಂದು ಚಿತ್ರ ತೆಗೆದು, ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಇನ್ನೊಂದು, ಮತ್ತೆ ಸರಿಸಿ ಮತ್ತೊಂದು. ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂದು ಮೊದಲೇ ತಂತ್ರಾಂಶಕ್ಕೆ ಬರೆದುಕೊಟ್ಟರೆ ಅದೇ ಅಷ್ಟೂ ಹೆಜ್ಜೆಗಳನ್ನು ಹಾಕಿಸುತ್ತದೆ. ಆಕಾಶದಲ್ಲಿರುವುದೆಲ್ಲ ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸುತ್ತದೆ. ಕ್ಯಾಮೆರಾದ ಕಲೆ ಮಾತ್ರ ಕದಲದೆ ಇದ್ದಲ್ಲೇ ಕೂತಿರುತ್ತದೆ. ನನ್ನ ಮಸುಕು ನಕ್ಷತ್ರಗಳ ಜೊತೆ ಸರಿದರೆ ಅದು ನಿಜ. ಸರಿಯದಿದ್ದರೆ ಇಷ್ಟು ವರ್ಷ ಒಂದು ಕೊಳೆಯ ಮುಂದೆ ಕೂತಿದ್ದೆ ಎಂದರ್ಥ. ದೂರದರ್ಶಕ ಬಳಸಲು ನನಗೆ ಸಿಕ್ಕಿದ್ದು ಅರ್ಧ ರಾತ್ರಿಯಷ್ಟು ಸಮಯ.

ಗುಡ್ಡದ ಮೇಲಿನ ಆಪರೇಟರ್‌ನ ಮುಖ ನಾನು ನೋಡಿಲ್ಲ. ದನಿಯಷ್ಟೇ ಗೊತ್ತು.

"ಪ್ರೊಫೆಸರ್, ನಿಮ್ಮ ಊರಲ್ಲಿ ಈಗ ಏನು ನಡೆದಿದೆ?" ಎಂದು ಕೇಳಿದ.

"ಬಿಸಿಲು."

"ದಯವಿಟ್ಟು ಅದನ್ನು ಅಲ್ಲೇ ಇಟ್ಟುಕೊಳ್ಳಿ."

ನಾನು ನಕ್ಕೆ. ಆ ವಾರ ನಾನು ನಕ್ಕಿದ್ದು ಅದೊಂದೇ ಸಲ ಎಂದು ಬರೆಯಲು ಕೈ ಬರುತ್ತಿದೆ. ಆದರೆ ಅದೂ ಆಮೇಲೆ ಸೇರಿಸಿಕೊಂಡದ್ದೇ ಇರಬೇಕು.

ಸರಣಿ ಶುರುವಾಯಿತು. ಚಿತ್ರಗಳು ಒಂದೊಂದಾಗಿ ಬಂದವು. ನಕ್ಷತ್ರಗಳು ಸರಿಯುತ್ತಿದ್ದವು, ಬೇಕಾದಷ್ಟು ಸ್ಪಷ್ಟವಾಗಿ. ಮಸುಕು? ಒಂದು ಚಿತ್ರದಲ್ಲಿ ಸರಿದಂತೆ ಕಂಡಿತು, ಮುಂದಿನದರಲ್ಲಿ ಕೂತಲ್ಲೇ ಕೂತಂತೆ. ಆಗ ಅಂಗಳದಲ್ಲಿ ಮೀನಿನವಳು.

"ಮಾಸ್ತರ್ರೇ, ಹಗಲೊತ್ತಿಗೆ ಕಿಟಕಿ ಮುಚ್ಕಂಡಿ ಎಂತಾ ನೋಡ್ತ್ರಿ?"

"ನಕ್ಷತ್ರ."

"ನಮ್ಮನೆಯವ್ರಿಗೂ ಮದ್ಯಾನಕ್ಕೇ ಕಾಣ್ತಿತ್ತು, ಎರಡು ಗ್ಲಾಸ್ ಹೊಟ್ಟಿಗೆ ಹೋದ್ಮೇಲೆ. ಬಂಗಡೆ ಬೇಕನ್ರಾ?"

"ಇವತ್ತು ಬೇಡ."

"ಬೇಡ ಅಂದ್ರೆ ಉಣ್ಣೂದು ಎಂತಾ, ನಕ್ಷತ್ರದ ಸಾರಾ?" ಎಂದು ಬುಟ್ಟಿ ಎತ್ತಿಕೊಂಡಳು. ಬೇಲಿಯಾಚೆ ಹೋದ ಮೇಲೂ ಅವಳ ನಗು ಸ್ವಲ್ಪ ಹೊತ್ತು ಕೇಳಿಸಿತು. ಅವಳನ್ನು ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳಬೇಕಿತ್ತು ಎಂದು ಆಗಲೇ ಅನಿಸಿತೋ, ಈಗ ಅನಿಸುತ್ತಿದೆಯೋ.

ತಿರುಗಿ ಪರದೆಯ ಮುಂದೆ ಕೂತಾಗ ತಪ್ಪು ಹೊಳೆಯಿತು. ನಾನು ಕೊಟ್ಟ ಹೆಜ್ಜೆಗಳು ತೀರಾ ಚಿಕ್ಕವು. ಚುಕ್ಕೆಯಂಥ ನಕ್ಷತ್ರಕ್ಕೆ ಅಷ್ಟು ಸಾಕು. ಮಸುಕು ಅಗಲವಾದದ್ದು, ಅಷ್ಟರಲ್ಲಿ ಅದು ತನ್ನ ಮೇಲೇ ತಾನು ಸರಿದಿರುತ್ತದೆ, ಸರಿದದ್ದು ತಿಳಿಯುವುದೇ ಇಲ್ಲ. ಹೊಸಬರಿಗೂ ಗೊತ್ತಿರುವ ವಿಷಯ. ಆದರೆ ಇಷ್ಟು ಕಾಲ ಒಂದೇ ಚಿತ್ರದಲ್ಲಿ ಅದನ್ನು ಕಾಯ್ದವನಿಗೆ, ದೊಡ್ಡ ಹೆಜ್ಜೆ ಇಟ್ಟರೆ ಎಲ್ಲಿ ಚೌಕಟ್ಟಿನಿಂದಾಚೆ ಜಾರಿಹೋಗುತ್ತದೋ ಎಂಬ ಹೆದರಿಕೆ. ಸಂಖ್ಯೆಗಳನ್ನು ಬರೆಯುವಾಗ ಅದು ಹೆದರಿಕೆ ಎಂದು ಗೊತ್ತಿರಲಿಲ್ಲ. ಎಚ್ಚರಿಕೆ ಎಂದುಕೊಂಡಿದ್ದೆ.

"ಸರಣಿ ನಿಲ್ಲಿಸಿ. ಹೆಜ್ಜೆ ದೊಡ್ಡದು ಮಾಡಬೇಕು," ಎಂದೆ.

"ಎಷ್ಟು ದೊಡ್ಡದು?"

ಹೇಳಿದೆ.

"ಅಷ್ಟು ದೂರವೇ? ಸರಿ, ನಿಮ್ಮ ರಾತ್ರಿ. ಆದರೆ ಬೇಗ ಕಳಿಸಿ, ಪಶ್ಚಿಮದಲ್ಲಿ ಮೋಡ ಏಳುತ್ತಿದೆ."

ಹೊಸ ಸಂಖ್ಯೆಗಳನ್ನು ಬರೆದೆ. ಅವಸರದಲ್ಲಿ ಒಂದು ಕಡೆ ಋಣ ಚಿಹ್ನೆ ಬಿಟ್ಟೆ, ತಂತ್ರಾಂಶ ಒಪ್ಪಲಿಲ್ಲ, ತಿದ್ದಿದೆ. ಮೊದಲ ಚಿತ್ರ ಬಂತು, ಮಸುಕು ಹಳೆಯ ಜಾಗದಲ್ಲಿತ್ತು. ದೂರದರ್ಶಕ ದೊಡ್ಡ ಹೆಜ್ಜೆ ಹಾಕಿತು. ಎರಡನೆಯದು ಬಂತು. ನಕ್ಷತ್ರಗಳೆಲ್ಲ ಚೌಕಟ್ಟಿನ ಒಂದು ಬದಿಗೆ ವಲಸೆ ಹೋಗಿದ್ದವು. ಹಳೆಯ ಜಾಗ ಖಾಲಿ. ನಕ್ಷತ್ರಗಳ ಜೊತೆ, ಇರಬೇಕಾದ ದೂರದಲ್ಲೇ, ಏನೋ ಬೆಳ್ಳಗೆ ಇತ್ತು.

ಕುರ್ಚಿಯಿಂದ ಎದ್ದು ನಿಂತೆ. ಹೇಳಲು ಯಾರೂ ಇರಲಿಲ್ಲ. "ಸರಿಯಿತು" ಎಂದು ಗೋಡೆಗೆ ಹೇಳಿದೆನೋ ಏನೋ.

"ಪ್ರೊಫೆಸರ್," ಎಂದ ಅವನು, "ಈ ಚಿತ್ರ ತೆಗೆದು ಮುಗಿಯುವ ಹೊತ್ತಿಗೆ ತೆಳು ಮೋಡ ದಾಟಿದೆ. ಹಿನ್ನೆಲೆ ಏರುಪೇರಾಗಿದೆ, ನೋಡಿ."

ನೋಡಿದೆ. ಅಂಥದೇ ಬೆಳ್ಳಗಿನ ತೇಪೆಗಳು ಇನ್ನೂ ಎರಡು ಮೂರು ಕಡೆ ಇದ್ದವು. ಹಳೆಯ ಜಾಗ ಖಾಲಿಯಾದದ್ದೂ ಅದರಿಂದಲೇ ಇರಬಹುದು. ಏರುಪೇರಾದ ಹಿನ್ನೆಲೆಯಲ್ಲಿ ಒಂದು ಮಸುಕು ಮುಳುಗಲು ಹೆಚ್ಚೇನೂ ಬೇಕಿಲ್ಲ. ಮೂರನೆಯ ಚಿತ್ರದಲ್ಲಿ ನಕ್ಷತ್ರಗಳೇ ಅರ್ಧಕ್ಕರ್ಧ ಮಾಸಿದ್ದವು. ಆಮೇಲೆ ಅವನು ದೂರದರ್ಶಕದ ಗುಮ್ಮಟ ಮುಚ್ಚಿದ. "ಕ್ಷಮಿಸಿ," ಎಂದ, ಮೋಡವನ್ನು ತಾನೇ ತಂದವನ ಹಾಗೆ. ಸಂಪರ್ಕ ಕಡಿದ ಮೇಲೆ ಫ್ಯಾನಿನ ಸದ್ದು ಮಾತ್ರ ಉಳಿಯಿತು.

ಮರುವರ್ಷ ಸಮಯ ಕೇಳಿ ಅರ್ಜಿ ಹಾಕಿದೆ, ಒಬ್ಬನದೇ ಹೆಸರಿನಲ್ಲಿ. ಸಿಗಲಿಲ್ಲ. ಈಗ ಆ ಕ್ಯಾಮೆರಾವನ್ನೂ ಕಳಚಿದ್ದಾರಂತೆ. ಆ ಎರಡನೆಯ ಚಿತ್ರವನ್ನು ಆಗಾಗ ತೆರೆಯುತ್ತೇನೆ. ಒಮ್ಮೊಮ್ಮೆ ಗೆಲಾಕ್ಸಿ, ಒಮ್ಮೊಮ್ಮೆ ಮೋಡ. ಯಾವ ದಿನ ಯಾವುದು ಕಾಣುತ್ತದೆ ಎಂಬುದು ಚಿತ್ರವನ್ನು ಅವಲಂಬಿಸಿಲ್ಲ.

ಅದು ಆಕಾಶದಲ್ಲಿ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.